ಒಗ್ಗರಣೆ ಸೀಯದಂತೆ ಮಾತಾಡುವುದು

ರೇಡಿಯೊ ಕೆಲಸಕ್ಕೆ ಸೇರಿದ ಎಂಟನೆಯ ದಿನ ಮನೆಗೆ ಬಂದಾಗ ಅತ್ತೆ ಬಾಣಲೆ ಉಜ್ಜುತ್ತಿದ್ದರು. "ನೋಡಮ್ಮಾ, ಇವತ್ತು ನಿನ್ನ ಮಾತು ಕೇಳುತ್ತಾ ನಿಂತೆ, ಸಾಸಿವೆಯೆಲ್ಲ ಕರಕಲಾಯಿತು" ಎಂದರು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಮಧ್ಯಾಹ್ನದವರೆಗೂ ಖುಷಿಯಾಗಿದ್ದೆ. ಊಟಕ್ಕೆ ಕೂತಾಗ ಸಾರಿನ ವಾಸನೆಯಲ್ಲೇ ವಿಷಯ ತಿಳಿಯಿತು. "ಈಗ ಹಾಡು ಹಾಕುತ್ತೀಯ, ಈಗ ಹಾಕುತ್ತೀಯ ಎಂದು ಕಾದೆ. ಚಂದ್ರ ಎಂದೆ, ಬೆಳದಿಂಗಳು ಎಂದೆ, ಸುತ್ತಿ ಸುತ್ತಿ ಮತ್ತೆ ಚಂದ್ರನಿಗೇ ಬಂದೆ. ಹಾಡಿನಲ್ಲೂ ಅದೇ ಚಂದ್ರ ತಾನೇ ಇದ್ದದ್ದು?"

ಅಂದು ನಾನೊಂದು ಭಾವಗೀತೆಗೆ 2 ನಿಮಿಷ 10 ಸೆಕೆಂಡಿನ ಪೀಠಿಕೆ ಹಾಕಿದ್ದೆ. ಹಾಡು ಇದ್ದದ್ದೇ ಮೂರೂವರೆ ನಿಮಿಷ. ಕನ್ನಡ ಎಂ.ಎ. ಮಾಡಿಕೊಂಡು ಬಂದವಳ ಕೈಗೆ ಮೈಕ್ ಸಿಕ್ಕರೆ ಇನ್ನೇನಾಗುತ್ತದೆ? 'ಸುಮಧುರ', 'ಮನಮೋಹಕ', 'ಗಾನಸುಧೆ', ಹೀಗೆ ಆರು ವರ್ಷ ಓದಿದ್ದನ್ನೆಲ್ಲ ಆರು ದಿನದಲ್ಲಿ ಖರ್ಚು ಮಾಡಿಬಿಟ್ಟಿದ್ದೆ.

ಮುಂದಿನ ಭಾನುವಾರ ರಜೆ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಅಡುಗೆಮನೆಯಲ್ಲಿ ಅತ್ತೆಯ ಪಕ್ಕ ನಿಂತೆ. ಎಣ್ಣೆ ಕಾದ ಮೇಲೆ ಸಾಸಿವೆ ಹಾಕಿದರು. ಅದು ಸಿಡಿಯಲು ತೊಡಗಿದೊಡನೆ ಉರಿ ತಗ್ಗಿಸಿ ಇಂಗು, ಒಣಮೆಣಸಿನಕಾಯಿ ಹಾಕಿದರು. ಆಮೇಲೆ ಕರಿಬೇವು. ಅದರ ಚಟಪಟ ನಿಂತಿತೋ ಇಲ್ಲವೋ, ಬಾಣಲೆ ಸಾರಿನ ಪಾತ್ರೆಗೆ ಬಗ್ಗಿತು. ಒಟ್ಟು 40 ಸೆಕೆಂಡು. ಮೂರು ಸಲ ಅಳೆದೆ. ಮೂರು ಸಲವೂ ಎರಡು ಸೆಕೆಂಡು ಹಿಂದೆ ಮುಂದೆ, ಅಷ್ಟೇ. ಐವತ್ತು ವರ್ಷ ಕೈ ಪಳಗಿದವರ ಕೆಲಸ ಅದು. "ಏನು ಅಳೆಯುತ್ತಿದ್ದೀಯ?" ಎಂದು ಕೇಳಿದರು. "ನನ್ನ ನಾಲಗೆಯನ್ನು" ಎಂದೆ.

ಅಂದಿನಿಂದ ಎರಡು ಹಾಡುಗಳ ನಡುವೆ ನನ್ನ ಮಾತಿಗೆ ಒಗ್ಗರಣೆಯ ಅಳತೆ. ನಾನು ಮಾತಾಡುವ ವೇಗದಲ್ಲಿ ನಿಮಿಷಕ್ಕೆ ಸುಮಾರು 90 ಪದ. 40 ಸೆಕೆಂಡಿಗೆ 60. ಅರವತ್ತು ಪದವೆಂದರೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆಯ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರೆ ತುಂಬಿಹೋಗುತ್ತದೆ. ಕ್ಯಾಲೆಂಡರ್ ಹಾಳೆಯೇ ಏಕೆಂದರೆ ಅದು ದಪ್ಪ. ಮೈಕಿನ ಮುಂದೆ ಮಗುಚಿದರೆ ಪರಪರ ಎನ್ನುವುದಿಲ್ಲ.

ಬೆಳಗಿನ ಪಾಳಿಯ ನಿರೂಪಕಿಗೆ ದಿನ ಶುರುವಾಗುವುದು ನಾಲ್ಕಕ್ಕೆ. ಮೈಸೂರಿನ ಸರಸ್ವತಿಪುರಂನ ನಮ್ಮ ರಸ್ತೆಯಲ್ಲಿ ಆ ಹೊತ್ತಿಗೆ ಎದ್ದಿರುವವರು ಪತ್ರಿಕೆ ಜೋಡಿಸುವ ಹುಡುಗರು, ಹಾಲಿನ ಬೂತಿನವರು, ಕಾರಣವಿಲ್ಲದೆ ಬೊಗಳುವ ಒಂದು ನಾಯಿ, ಆಮೇಲೆ ನಾನು. ಮಾತಿಗೆ ಬೇಕಾದ ಸರಕು ನನಗೆ ಸಿಗುವುದು ಮನೆಯಿಂದ ಸ್ಟುಡಿಯೊವರೆಗಿನ ಆ ಇಪ್ಪತ್ತು ನಿಮಿಷದಲ್ಲೇ. ಸಂಗೀತದ ಪುಸ್ತಕ ಓದಿಕೊಂಡು ಹೋದ ದಿನ ಮಾತು ಸಪ್ಪೆಯಾಗಿದ್ದೇ ಹೆಚ್ಚು. ಒಂದು ದಿನದ ಹಾಳೆ ಇನ್ನೂ ನನ್ನಲ್ಲಿದೆ. ಹಾಗೆಯೇ ಬರೆಯುತ್ತೇನೆ:

"ಇವತ್ತು ಬೆಳಿಗ್ಗೆ ಆಟೊದವರು ಐದು ರೂಪಾಯಿ ಚಿಲ್ಲರೆ ಇಲ್ಲವೆಂದು ನನ್ನ ಕೈಗೆ ನಾಲ್ಕು ವೀಳ್ಯದೆಲೆ ಕೊಟ್ಟರು. ಮೈಸೂರಿನ ಎಲೆ, ಬೇಡ ಎನ್ನುವುದು ಹೇಗೆ? ಅಡಿಕೆ ಇಲ್ಲ, ಸುಣ್ಣವೂ ಇಲ್ಲ. ಎಲೆ ಹಿಡಿದುಕೊಂಡೇ ಇಲ್ಲಿಗೆ ಬಂದರೆ ಗೇಟಿನಲ್ಲಿ ಕಾವಲಿನವರು, ಯಾರ ಮದುವೆ ಮೇಡಂ, ಎಂದರು. ಮದುವೆ ನಮ್ಮ ಮನೆಯಲ್ಲಿಲ್ಲ. ಈ ಹಾಡಿನಲ್ಲಿದೆ. ಹೋಗಿ ಬರೋಣ, ಎಲೆ ನಾನು ತರುತ್ತೇನೆ."

ಇದರಲ್ಲಿ ಹಾಡಿನ ಬಗ್ಗೆ ಇರುವುದು ಒಂದೇ ಒಂದು ಸಾಲು. ಹಾಡಿದವರ ಹೆಸರು, ರಾಗ, ಸಾಹಿತ್ಯ ಯಾರದು ಎಂಬುದನ್ನೆಲ್ಲ ಹಾಡು ಮುಗಿದ ಮೇಲೆ ಹೇಳುತ್ತೇನೆ. ಇಷ್ಟವಾದವರು ಅಷ್ಟು ಹೊತ್ತಿಗೆ ತಾವೇ ಕಿವಿ ಕೊಟ್ಟಿರುತ್ತಾರೆ. ಇಷ್ಟವಾಗದವರಿಗೆ ಹೇಳಿ ಪ್ರಯೋಜನವಿಲ್ಲ. 'ಸುಮಧುರ' ಎಂಬ ಪದವನ್ನು ಅಂದೇ ಬಿಟ್ಟೆ. ಹಾಡು ಮಧುರವಾಗಿದ್ದರೆ ಕೇಳಿದವರಿಗೆ ಗೊತ್ತಾಗುತ್ತದೆ. ಇಲ್ಲದಿದ್ದರೆ ನಾನು ಸುಳ್ಳು ಹೇಳಿದಂತಾಗುತ್ತದೆ.

ಎರಡನೆಯ ಪಾಠ ಕಲಿಸಿದವರು ನಮ್ಮ ಧ್ವನಿ ವಿಭಾಗದ ಹಿರಿಯರು. ಮೊದಲ ತಿಂಗಳು ನಾನು ಮೈಕಿನ ಮುಂದೆ ಪುರಭವನದಲ್ಲಿ ಭಾಷಣ ಮಾಡುವವಳಂತೆ ಕೂಗುತ್ತಿದ್ದೆ. ಒಂದು ದಿನ ಅವರು ಗಾಜಿನ ಆಚೆಯಿಂದ ಎದ್ದು ಒಳಗೇ ಬಂದರು. "ತಾಯಿ, ಮೈಕ್ ಇಲ್ಲದ ಕಾಲದಲ್ಲಿ ದೂರ ಕೂತವರಿಗೂ ಕೇಳಲೆಂದು ನಮ್ಮ ತಿರುಮಕೂಡಲಿನ ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡರು. ನಿಮ್ಮ ಮುಂದೆ ಮೈಕ್ ಇದೆ. ನೀವು ಯಾವ ತಂತಿ ಕಟ್ಟುತ್ತಿದ್ದೀರಿ?" ಮೈಕನ್ನು ಒಂದು ಗೇಣು ದೂರ ಸರಿಸಿ, ಸ್ವಲ್ಪ ಓರೆಗೆ ತಿರುಗಿಸಿದರು. ಪ, ಬ ಬಂದಾಗಲೆಲ್ಲ ಉಸಿರು ನೇರವಾಗಿ ಮೈಕಿಗೆ ಬಡಿದು 'ಫಟ್' ಎನ್ನುತ್ತಿದ್ದದ್ದು ಅಂದೇ ನಿಂತಿತು. "ಎದುರಿಗೆ ಒಬ್ಬರೇ ಕೂತಿದ್ದಾರೆ ಎಂದುಕೊಳ್ಳಿ" ಎಂದರು. ನಾನು ಅತ್ತೆಯನ್ನು ಕೂರಿಸಿಕೊಂಡೆ. ಅವರೆದುರು ಯಾರಿಗೂ ಹೆಚ್ಚು ಹೊತ್ತು ಮಾತಾಡುವ ಧೈರ್ಯ ಬರುವುದಿಲ್ಲ.

ಮೈಸೂರಿನಲ್ಲಿ ರೇಡಿಯೊ ಶುರು ಮಾಡಿದವರು ಇಂಜಿನಿಯರ್ ಅಲ್ಲ, ಮನಃಶಾಸ್ತ್ರದ ಮೇಷ್ಟ್ರು. ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರ ಮಾಡಿದರು. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆಲ್ಲ ಹೋದದ್ದು ಆ ಮನೆಯಿಂದ. ಆ ಕಡೆ ಹೋದಾಗಲೆಲ್ಲ ನನಗೆ ಒಂದೇ ಯೋಚನೆ: ಪಕ್ಕದ ಮನೆಯವರಿಗೆ ಏನನ್ನಿಸಿರಬಹುದು? ಮೇಷ್ಟ್ರು ಒಳಗೆ ಕೂತು ಯಾರೂ ಇಲ್ಲದೆ ಮಾತಾಡುತ್ತಿದ್ದಾರೆ, ಅದೂ ಮನಸ್ಸಿನ ವಿಷಯದ ಮೇಷ್ಟ್ರು.

ಇನ್ನು ಹಾಡು ಆಯ್ಕೆ ಮಾಡುವ ಸಂಗತಿ. ಹೊತ್ತಿಗೊಂದು ರಾಗ ಎಂಬುದನ್ನು ನಾನು ಮೊದಲು ಪಂಡಿತರ ಮಡಿವಂತಿಕೆ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ 7.20ಕ್ಕೆ ವೀಣೆಯಲ್ಲಿ ನೀಲಾಂಬರಿ ಹಾಕಿದೆ. ಲಾಲಿಗೆ ಹೆಸರಾದ ರಾಗ. ನನಗದು ಗೊತ್ತಿತ್ತು, ಆದರೆ ನುಡಿಸಾಣಿಕೆ ಚೆನ್ನಾಗಿತ್ತು ಎಂದು ಹಟ. ಹತ್ತು ನಿಮಿಷದಲ್ಲಿ ಜಯಲಕ್ಷ್ಮೀಪುರಂನಿಂದ ಒಬ್ಬ ಹಿರಿಯರ ಫೋನು. "ಮಗೂ, ನಮ್ಮ ಯಜಮಾನರು ವಾಕಿಂಗಿಗೆಂದು ಬೂಟು ಹಾಕಿಕೊಂಡವರು ಹಾಗೆಯೇ ಸೋಫಾದ ಮೇಲೆ ಒರಗಿದರು. ಈಗ ಗೊರಕೆ. ಡಾಕ್ಟರು ದಿನಕ್ಕೆ ನಾಲ್ಕು ಕಿಲೋಮೀಟರ್ ನಡೆಯಲೇಬೇಕು ಎಂದಿದ್ದಾರೆ." ಮರುದಿನ ಅದೇ ಹೊತ್ತಿಗೆ ಬೆಳಗಿನ ರಾಗವಾದ ಬಿಲಹರಿ ಹಾಕಿ ಪ್ರಾಯಶ್ಚಿತ್ತ ಮಾಡಿಕೊಂಡೆ. ಆಕೆ ಮತ್ತೆ ಫೋನು ಮಾಡಿ "ಹೊರಟರು" ಎಂದಷ್ಟೇ ಹೇಳಿ ಇಟ್ಟರು. ನನ್ನ ಹನ್ನೆರಡು ವರ್ಷದ ಕೆಲಸದಲ್ಲಿ ಸಂಗೀತ ವಿಮರ್ಶೆ ಎಂದು ನನಗೆ ಬಂದದ್ದರಲ್ಲಿ ಅಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ.

ಬೆಳಿಗ್ಗೆ ಏಳರಿಂದ ಎಂಟರವರೆಗೆ ಹಳೆಯ ಸಿನಿಮಾ ಹಾಡುಗಳನ್ನೇ ಹೆಚ್ಚು ಹಾಕುವುದಕ್ಕೆ ಹಳೆಯದರ ಮೋಹವೊಂದೇ ಕಾರಣವಲ್ಲ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷದ ಆಸುಪಾಸು. ಹಾಗಾಗಿ ಆ ಕಾಲದ ಹಾಡುಗಳಿಗೆ ಅದೇ ಮೈಕಟ್ಟು ಬಂತು. ತಟ್ಟೆ ಹೋದ ಮೇಲೂ ಬಹಳ ಕಾಲ ಆ ಅಭ್ಯಾಸ ಹೋಗಲಿಲ್ಲ. ಅಡುಗೆಮನೆಗೆ ಇದರಷ್ಟು ಹೊಂದುವ ಅಳತೆ ಇಲ್ಲ. ಮೂರು ಹಳೆಯ ಹಾಡು, ನಡುವೆ ನನ್ನ ಎರಡು ಮಾತು ಎಂದರೆ ಇಡ್ಲಿ ಬೆಂದಿರುತ್ತದೆ. ನಮ್ಮ ಬೀದಿಯ ಒಬ್ಬ ಹುಡುಗಿ ಒಂದು ಹಾಡಿನಲ್ಲಿ ಒಂದು ಜಡೆ, ಇನ್ನೊಂದು ಹಾಡಿನಲ್ಲಿ ಇನ್ನೊಂದು ಜಡೆ ಹಾಕಿಸಿಕೊಳ್ಳುತ್ತಾಳೆ. ಆರು ನಿಮಿಷದ ಹೊಸ ಹಾಡು ಹಾಕಿದ ದಿನ ಅವಳ ಎರಡು ಜಡೆಗೂ ಒಂದೇ ಹಾಡಾಗಿ, ಶಾಲೆಯ ಬಸ್ಸು ಬಂದೇಬಿಟ್ಟಿತೆಂದುಕೊಂಡು ಒಂದು ಕಾಲಿಗೆ ಮಾತ್ರ ಸಾಕ್ಸ್ ಹಾಕಿ ಓಡಿದಳಂತೆ.

ಹಾಡು ಶುರುವಾದ ಮೇಲೆ ಗಾಯಕರ ದನಿ ಬರುವ ತನಕ ಬರೀ ವಾದ್ಯ ಇರುತ್ತದಲ್ಲ, ಅದರ ಮೇಲೆ ಮಾತು ಹರಿಸಿ ಸರಿಯಾಗಿ ಪಲ್ಲವಿಯ ಬಾಗಿಲಲ್ಲಿ ನಿಲ್ಲಿಸುವುದು ಈ ಕೆಲಸದ ಕಸರತ್ತು. ಪ್ರತಿ ಹಾಡಿನ ಮುಂದೆ ಸೆಕೆಂಡು ಬರೆದಿಟ್ಟುಕೊಂಡಿದ್ದೇನೆ: 14, 22, 9. ಒಂಬತ್ತು ಸೆಕೆಂಡಿನದ್ದಕ್ಕೆ "ನಮಸ್ಕಾರ" ಬಿಟ್ಟರೆ ಬೇರೇನೂ ಹಿಡಿಯುವುದಿಲ್ಲ. ಇದನ್ನು ಕಲಿಯಲು ಎರಡು ವರ್ಷವಾಯಿತು. ಈಗಲೂ ತಿಂಗಳಿಗೊಮ್ಮೆ ಗಾಯಕರ ಕಾಲು ತುಳಿಯುತ್ತೇನೆ.

ಇಷ್ಟೆಲ್ಲ ಕಲಿತವಳು ಒಂದು ದಿನ ಮೈಕ್ ಮುಚ್ಚುವುದನ್ನೇ ಮರೆತೆ. ಹಾಡು ಶುರುವಾಯಿತು, ಮೈಕಿನ ದನಿ ತಗ್ಗಿಸುವ ಫೇಡರ್ ಗುಂಡಿಯನ್ನು ಕೆಳಗೆ ಎಳೆದೆ ಎಂದುಕೊಂಡೆ. ಎಳೆದದ್ದು ಪಕ್ಕದ್ದು. ಕಾಫಿ ಬಂತು. ಒಂದು ಗುಟುಕು ಕುಡಿದು, "ಅಯ್ಯೋ, ಇದಕ್ಕೆ ಸಕ್ಕರೆಯನ್ನೇ ಹಾಕಿಲ್ಲವಲ್ಲ ಮಾರಾಯರೇ, ಇದನ್ನು ಕುಡಿಯುವ ಬದಲು ಚಾಮುಂಡಿ ಬೆಟ್ಟವನ್ನು ಬರಿಗಾಲಿನಲ್ಲಿ ಎರಡು ಸಲ ಹತ್ತಬಹುದು" ಎಂದೆ. ಗಾಜಿನ ಆಚೆ ಹಿರಿಯರು ಎರಡೂ ಕೈ ಎತ್ತಿ ಆಡಿಸುತ್ತಿದ್ದರು. ಸಕ್ಕರೆ ತರಿಸುತ್ತೇನೆ ಎನ್ನುತ್ತಿದ್ದಾರೆ ಎಂದುಕೊಂಡು ನಾನೂ ಕೈ ಆಡಿಸಿದೆ. ವಿರಹದ ಹಾಡಿನ ಮೊದಲ ಚರಣದ ಮೇಲೆ ನನ್ನ ಕಾಫಿಯ ವಿರಹ ಊರಿಗೆಲ್ಲ ಕೇಳಿತು. ಮೇಲಿನವರಿಂದ ಒಂದು ಪತ್ರ ಬಂತು, ನಾನು ವಿವರಣೆ ಬರೆದುಕೊಟ್ಟೆ. ಅದು ಮುಗಿದ ಕಥೆ.

ಮುಗಿಯದೆ ಉಳಿದದ್ದು ನಾಲ್ಕು ದಿನದ ಮೇಲೆ ಬಂದ ಪಾರ್ಸಲ್ಲು. ಪಾಂಡವಪುರದ ಕಡೆಯ ಒಂದು ಹಳ್ಳಿಯಿಂದ. ಒಳಗೆ ಪತ್ರಿಕೆಯಲ್ಲಿ ಸುತ್ತಿದ ನಾಲ್ಕು ಅಚ್ಚು ಬೆಲ್ಲ, ಜೊತೆಗೊಂದು ಚೀಟಿ: "ಮಂಡ್ಯದ ಪಕ್ಕದಲ್ಲಿ ಇದ್ದುಕೊಂಡು ಸಪ್ಪೆ ಕಾಫಿ ಕುಡಿಯುವುದು ಜಿಲ್ಲೆಗೇ ಅವಮಾನ. ಸಕ್ಕರೆ ನಾವು ಮಾಡುವುದಿಲ್ಲ, ಇದನ್ನು ಹಾಕಿಕೊಳ್ಳಿ ಅಕ್ಕ." ನಮ್ಮ ಅತ್ತೆ ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡು, "ಇವರ ಮನೆಗೆ ಹೋಗಿ ಬಾ" ಎಂದರು. ಅವರು ಹಾಗೆ ಹೇಳುವುದು ಬಹಳ ಅಪರೂಪ.

ಹೋದೆ. ನಾಲೆಯ ಏರಿ ದಾಟಿದರೆ ಕಬ್ಬಿನ ಗದ್ದೆಗಳ ನಡುವೆ ಆಲೆಮನೆ. ದೂರದಿಂದಲೇ ಹೊಗೆ, ಹತ್ತಿರ ಬಂದಂತೆ ಕುದಿಯುವ ಹಾಲಿನ ವಾಸನೆ. ಅಲ್ಲಿ ಹಾಲೆಂದರೆ ಕಬ್ಬಿನ ಹಾಲು. ದೊಡ್ಡ ಕೊಪ್ಪರಿಗೆ, ಅದರಡಿಯ ಒಲೆಗೆ ಒಣಗಿಸಿದ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ ಇಬ್ಬರು, ಮಸಿ ಹಿಡಿದ ಕಂಬದ ಮೊಳೆಗೆ ನೇತುಹಾಕಿದ ಒಂದು ಪುಟ್ಟ ರೇಡಿಯೊ. ಅದರ ಆಂಟೆನಾ ಮುರಿದಿತ್ತು. ಬದಲಿಗೆ ಒಂದು ಮೊಳ ತಂತಿ ಸುತ್ತಿದ್ದರು. ಬೆಲ್ಲ ಕಳಿಸಿದವರು ಪಾಕದ ಮುಂದೆ ನಿಂತಿದ್ದರು, ಐವತ್ತರ ಆಸುಪಾಸಿನವರು. ಒಂದು ತಟ್ಟೆಯಲ್ಲಿ ತಣ್ಣೀರು. ಆಗಾಗ ಉದ್ದನೆಯ ಸೌಟಿನಿಂದ ಒಂದು ತೊಟ್ಟು ಪಾಕ ಅದಕ್ಕೆ ಬಿಟ್ಟು ಬೆರಳಿನಿಂದ ಉಂಡೆ ಕಟ್ಟಿ ನೋಡುತ್ತಿದ್ದರು. ಹರಡಿದರೆ ಇನ್ನೂ ಬೇಕು, ಉಂಡೆ ನಿಂತರೆ ಇಳಿಸಬೇಕು. ನಡುವೆ ಇರುವುದು ಒಂದೆರಡು ನಿಮಿಷ. ತಪ್ಪಿದರೆ ಬೆಲ್ಲ ಕರ್ರಗೆ.

ನನ್ನ 40 ಸೆಕೆಂಡು ಇಲ್ಲೂ ಕೆಲಸಕ್ಕೆ ಬಂದಿರುತ್ತದೆ ಎಂಬ ಹೆಮ್ಮೆ ನನಗೆ. "ನಾನು ಮಾತಾಡುವಾಗ ನಿಮಗೆ ಪಾಕ ನೋಡಲು ತೊಂದರೆ ಆಗುವುದಿಲ್ಲ ತಾನೇ?" ಎಂದು ಕೇಳಿದೆ. ಗಾಣದ ಮೋಟಾರು ಭೋರ್ಗರೆಯುತ್ತಿತ್ತು. ನನ್ನ ಪ್ರಶ್ನೆಯೇ ಅವರಿಗೆ ಎರಡು ಸಲ ಕೇಳಲಿಲ್ಲ. ಮೂರನೆಯ ಸಲ ಕಿವಿಯ ಹತ್ತಿರ ಕೂಗಿದೆ.

"ತೊಂದರೆ ಏನು ಬಂತು ಅಕ್ಕ, ಈ ಸದ್ದಿನಲ್ಲಿ ನೀವು ಏನು ಹೇಳುತ್ತೀರೋ ಒಂದು ಅಕ್ಷರವೂ ಕೇಳುವುದಿಲ್ಲ. ಹಾಡೂ ಅಷ್ಟಕ್ಕಷ್ಟೇ. ಯಾರೋ ಹೆಣ್ಣುಮಗಳು ಮಾತಾಡುತ್ತಿದ್ದಾರೆ ಎಂದಾಗುತ್ತದೆ, ಅಷ್ಟು ಸಾಕು ನಮಗೆ."

"ಹಾಗಾದರೆ ಕಾಫಿಯ ವಿಷಯ ಹೇಗೆ ಕೇಳಿಸಿತು?"

"ಅವತ್ತು ಕರೆಂಟು ಹೋಗಿತ್ತು. ಮೋಟಾರು ನಿಂತಿತ್ತು. ಎಂಟು ಜನ ಸುಮ್ಮನೆ ಕೂತು ಕೇಳಿದೆವು. ಬೆಟ್ಟ ಹತ್ತುವ ಮಾತು ಬಂದಾಗ ಎಲ್ಲರೂ ನಕ್ಕೆವು."

ಹನ್ನೆರಡು ವರ್ಷದ ಕ್ಯಾಲೆಂಡರ್ ಹಾಳೆಗಳಲ್ಲಿ ಆಲೆಮನೆಗೆ ತಲುಪಿದ್ದು ನಾನು ಬರೆಯದೇ ಇದ್ದ ಅದೊಂದೇ. ಪಾಕ ಹದಕ್ಕೆ ಬಂತು. ಎಲ್ಲರೂ ಎದ್ದರು, ನಾನು ಪಕ್ಕಕ್ಕೆ ಸರಿದೆ. ಕೊಪ್ಪರಿಗೆ ಬಗ್ಗಿಸಿ ಸುರಿದು, ಅಚ್ಚುಗಳಿಗೆ ತುಂಬುವ ತನಕ ಯಾರೂ ಮಾತಾಡಲಿಲ್ಲ. ಹೊರಡುವಾಗ ಅವರು ಇನ್ನೆರಡು ಅಚ್ಚು ಬೆಲ್ಲ ಕೈಗಿಟ್ಟು, ಬಸ್ಸಿನವರೆಗೂ ಬಂದರು.

"ಅಕ್ಕ, ಬರುವ ವಾರ ನಮ್ಮ ಕಡೆ ಬೆಳಿಗ್ಗೆ ಏಳರಿಂದ ಎಂಟಕ್ಕೆ ಕರೆಂಟು ಇರುವುದಿಲ್ಲವಂತೆ. ಏನಾದರೂ ಮುಖ್ಯವಾದ ಮಾತಿದ್ದರೆ ಆಗಲೇ ಹೇಳಿಬಿಡಿ."