ಕೀಮೋ ದಿನದ ಕಾಯುವಿಕೆ: ಐದೂವರೆ ಗಂಟೆ ಎರಡಕ್ಕೆ ಇಳಿದದ್ದು ಹೀಗೆ

‘ಕ್ಯಾನ್ಸರ್ ಆಸ್ಪತ್ರೆ ಅಂದಮೇಲೆ ಕಾಯಲೇಬೇಕು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ’ ಎಂದು ಎಲ್ಲರೂ ಹೇಳಿದರು. ಮನೆಯವರೂ, ವಾರ್ಡಿನಲ್ಲಿ ಪಕ್ಕ ಕೂತವರೂ. ಅಮ್ಮನ ಕೀಮೋದ 6 ಸೈಕಲ್, ಅಂದರೆ ಆರು ಸುತ್ತು, ಈಗ ಮುಗಿದಿದೆ. ಮೊದಲ ಸಲ ಬೆಳಗ್ಗೆ 8ಕ್ಕೆ ಹೋಗಿದ್ದೆವು, ಡ್ರಿಪ್ ಶುರುವಾದಾಗ ಮಧ್ಯಾಹ್ನ ಒಂದೂವರೆ. ಕೊನೆಯ ಎರಡು ಸಲ 10ಕ್ಕೆಲ್ಲ ಶುರು.

ಅಮ್ಮನಿಗೆ ಡ್ರಿಪ್‌ನಲ್ಲಿ ಕೊಡುವ ಎರಡು ಕೀಮೋ ಔಷಧ, ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೋಪ್ಲಾಟಿನ್. ಒಂದು ಮೂರು ಗಂಟೆ, ಇನ್ನೊಂದು ಹತ್ತಿರ ಒಂದು ಗಂಟೆ. ಅದಕ್ಕೆ ಕೈ ಹಾಕುವಂತಿಲ್ಲ. ಅದಕ್ಕೇ ಡ್ರಿಪ್‌ಗೆ ಮುಂಚಿನ ಹೊತ್ತನ್ನೇ ಹಿಡಿದೆ. ಒಂದು ಸಣ್ಣ ನೋಟ್‌ಬುಕ್‌ನಲ್ಲಿ ಪ್ರತಿ ಹಂತದ ಸಮಯ ಬರೆದೆ. ರಕ್ತ ಕೊಡಲು ಒಂದು ಗಂಟೆ. ರಿಪೋರ್ಟ್‌ಗೆ ಒಂದೂವರೆ. ಡಾಕ್ಟರ್‌ಗೆ ಒಂದೂವರೆ. ಉಳಿದದ್ದು ಫಾರ್ಮಸಿಗೆ. ರಕ್ತದ ರಿಪೋರ್ಟ್ ನೋಡಿ ಡಾಕ್ಟರ್ ಒಪ್ಪುವ ತನಕ ಅವರು ಔಷಧ ಕಲಸುವುದಿಲ್ಲ. ಕಲಸಿದ್ದನ್ನು ಜಾಸ್ತಿ ಹೊತ್ತು ಇಡಲಾಗದು, ವ್ಯರ್ಥವಾದರೆ ದುಬಾರಿ.

ಹಾಗಾದರೆ ರಕ್ತ ಪರೀಕ್ಷೆ ಮುಂಚೆಯೇ ಆಗಬೇಕು, ಅಲ್ವಾ? ಎರಡನೇ ಸೈಕಲ್‌ಗೆ 4 ದಿನ ಮೊದಲೇ ಮಾಡಿಸಿದೆ. ಹಳೆಯದಾಯಿತು ಎಂದರು. ಮತ್ತೆ ಮಾಡಿಸಿದರೆ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) 900ರ ಆಸುಪಾಸು, ತುಂಬ ಕಡಿಮೆ. ಕೀಮೋ ಒಂದು ವಾರ ಮುಂದಕ್ಕೆ. ಮಧ್ಯಾಹ್ನದವರೆಗೆ ಕೂತು ಅಮ್ಮ ಬರಿಗೈಯಲ್ಲಿ ಮರಳಿದರು. ಅವರ ಆ ದಿನದ ಮುಖ ನನಗೆ ಮರೆಯುವುದಿಲ್ಲ. ಪರೀಕ್ಷೆಗೆ ಎರಡೆರಡು ಸಲ ಹಣ, ಬಾಡಿಗೆ ಕಾರಿಗೆ ಹಣ, ನನ್ನ ಒಂದು ದಿನದ ಸಂಬಳ, ಎಲ್ಲ ಹೋಯಿತು. ಮೂರನೆಯದಕ್ಕೆ ಹೊರಗಿನ ಲ್ಯಾಬ್‌ನಲ್ಲಿ ಅಗ್ಗಕ್ಕೆ ಮಾಡಿಸಿದೆ. ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಎಂದು ನೋಡುವ ಪರೀಕ್ಷೆ, ಬಿಟ್ಟುಹೋಗಿತ್ತು. ಮತ್ತೆ ದುಡ್ಡು.

ನಾಲ್ಕನೆಯದರಿಂದ ಹಿಂದಿನ ದಿನ ಬೆಳಗ್ಗೆ, ಅದೇ ಆಸ್ಪತ್ರೆಯ ಲ್ಯಾಬ್‌ನಲ್ಲಿ, ಡಾಕ್ಟರ್ ಬರೆದ ಚೀಟಿಯ ಪ್ರಕಾರವೇ. ಸಂಜೆ ಫೋನ್ ಮಾಡಿ ರಿಪೋರ್ಟ್ ಡಾಕ್ಟರ್ ಕೈ ಸೇರಿತೇ ಎಂದು ಕೇಳುತ್ತಿದ್ದೆ. ಯಾರಿಗೆ, ಎಷ್ಟು ಗಂಟೆಗೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದೇ ಹೊತ್ತಿಗೆ ಮಾಡಿದರೆ ಆ ಫೋನ್ ಎತ್ತುವವರೇ ಇರುವುದಿಲ್ಲ. ನಾಲ್ಕನೆಯದಕ್ಕೆ ಮೂರೂವರೆ ಗಂಟೆ ಕಾದೆವು, ಆಮೇಲೆ ಎರಡು. ‘ನೀವು ಏನು ಮಾಡಿದ್ರಿ?’ ಎಂದು ನರ್ಸ್ ಒಬ್ಬರು ಕೇಳಿದಾಗ ನಿಜಕ್ಕೂ ಹೆಮ್ಮೆಯಾಯಿತು.

ನಡುವೆ ಇನ್ನೂ ಒಂದೆರಡು ಪ್ರಯೋಗ ಮಾಡಿದೆ. ಎಲ್ಲರಿಗಿಂತ ಮೊದಲು ಹೋಗಿ ಕೂರುವುದು ದಂಡ, ರೌಂಡ್ಸ್ ಮುಗಿಯದೆ ಡಾಕ್ಟರ್ ಬರುವುದಿಲ್ಲ. ಬೆಚ್ಚಗಿನ ಬಟ್ಟೆ ಕೈಗೆ ಸುತ್ತಿ, ಚೆನ್ನಾಗಿ ನೀರು ಕುಡಿಸಿದರೆ ನರ ಬೇಗ ಸಿಗುತ್ತದೆ. ಅದರಲ್ಲೇ ಕಾಲು ಗಂಟೆ ಉಳಿಯಿತು, ಚುಚ್ಚಿಸಿಕೊಳ್ಳುವ ನೋವೂ ಕಡಿಮೆ.

ಕ್ಯಾನ್ಸರ್ ಎಲ್ಲೆಲ್ಲಿದೆ ಎಂದು ನೋಡುವ ಪೆಟ್ ಸ್ಕ್ಯಾನ್ ದಿನ ಮಾತ್ರ ಇದ್ಯಾವುದೂ ನಡೆಯಲಿಲ್ಲ. ಇಂಜೆಕ್ಷನ್ ಆದಮೇಲೆ ಸುಮಾರು ಒಂದು ಗಂಟೆ ಸುಮ್ಮನೆ ಮಲಗಲೇಬೇಕು. ಇಂಜೆಕ್ಷನ್‌ನಲ್ಲಿರುವ ವಿಕಿರಣ ಔಷಧದ ಶಕ್ತಿ 110 ನಿಮಿಷಕ್ಕೆ ಅರ್ಧ ಇಳಿಯುತ್ತದೆ, ನಾವು ತಡವಾದರೆ ಅದು ಕಾಯುವುದಿಲ್ಲ. ಆ ದಿನ ಅರ್ಧ ಗಂಟೆ ಮೊದಲೇ ಹೋಗಿ ಅಮ್ಮನ ಪಕ್ಕ ಕೂತಿದ್ದೆ.