ಬಿಸಿಯಾದ ಮೇಲೆ ಅದುರುವ ಎಂಜಿನ್: ಕಾರಣ ಹುಡುಕುವ ಬಗೆ

ಬೆಳಿಗ್ಗೆ ಧಾರವಾಡದಲ್ಲಿ ಚಾಲೂ ಮಾಡಿದಾಗ ಸಮನಾಗಿ ನಡೆದ ಪೆಟ್ರೋಲ್ ಎಂಜಿನ್, ನವಲೂರು, ನವನಗರ, ಉಣಕಲ್ ದಾಟಿ ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ನಿಂತ ಕೂಡಲೇ ಸ್ಟೀಯರಿಂಗ್ ನಡುಗುವಷ್ಟು ಅದುರತೊಡಗಿದರೆ, ಗ್ಯಾರೇಜಿನಲ್ಲಿ ಅದಕ್ಕೆ ಸಿಗುವ ಹೆಸರು ‘ಮಿಸ್ಸಿಂಗ್’. ಆ ಒಂದು ಪದದ ಅಡಿಯಲ್ಲಿ ಹತ್ತಾರು ದೋಷಗಳು ಅಡಗಿರುತ್ತವೆ. ಅವುಗಳಲ್ಲಿ ಹಲವನ್ನು ಕಳೆಯಲು ನೆರವಾಗುವ ಸುಳಿವು ಒಂದೇ: ಎಂಜಿನ್ ತಣ್ಣಗಿದ್ದಾಗ ಈ ತೊಂದರೆ ಇಲ್ಲ.

ತಣ್ಣನೆಯ ಎಂಜಿನ್ನಿಗೆ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಕೊಡುತ್ತದೆ, ಐಡಲ್ ವೇಗವನ್ನು (ಆಕ್ಸಿಲರೇಟರ್ ಒತ್ತದಿರುವಾಗ ಎಂಜಿನ್ ತಿರುಗುವ ವೇಗ) ಸಾವಿರ ಆರ್‌ಪಿಎಂಗಿಂತ ಮೇಲಿಡುತ್ತದೆ ಮತ್ತು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಹೇಳುವುದನ್ನು ಇನ್ನೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಎಲ್ಲಿಯೋ ಒಂದು ಪೈಪಿನಿಂದ ಸ್ವಲ್ಪ ಗಾಳಿ ಒಳನುಗ್ಗುತ್ತಿದ್ದರೂ ಆ ಹೆಚ್ಚುವರಿ ಪೆಟ್ರೋಲ್ ಅದನ್ನು ಮುಚ್ಚಿಹಾಕುತ್ತದೆ. ನೀರಿನ ಉಷ್ಣತೆ 80 ಡಿಗ್ರಿ ದಾಟಿ ಐಡಲ್ ವೇಗ 700–850ರ ಮಟ್ಟಕ್ಕೆ ಇಳಿದು, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಹುತೇಕ ಮುಚ್ಚಿಕೊಂಡಾಗ, ಅಷ್ಟೇ ಸಣ್ಣ ಸೋರಿಕೆ ದೊಡ್ಡದಾಗಿ ಕಾಣಿಸುತ್ತದೆ. ಆದ್ದರಿಂದ ಪರೀಕ್ಷೆಗಳನ್ನು ಎಂಜಿನ್ ಬಿಸಿಯಿದ್ದಾಗ, ದೋಷ ಕಣ್ಣೆದುರು ಇರುವಾಗಲೇ ಮಾಡಬೇಕು. ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಮುಟ್ಟಬಾರದು.

ಮೊದಲು ಎ.ಸಿ. ಆಫ್ ಮಾಡಿ ಆರ್‌ಪಿಎಂ ಮುಳ್ಳನ್ನು ನೋಡಿರಿ. ಮುಳ್ಳು ಅಲುಗದೆ ನಿಂತು, ಸೈಲೆನ್ಸರ್ ಸದ್ದು ಸಮನಾಗಿದ್ದು, ಸೀಟು ಮಾತ್ರ ನಡುಗುತ್ತಿದ್ದರೆ ಸವೆದಿರುವುದು ಬಹುಶಃ ಎಂಜಿನ್ ಮೌಂಟಿಂಗ್ ರಬ್ಬರ್. ಮುಳ್ಳು ಕುಣಿಯುತ್ತಿದ್ದರೆ ಮಾತ್ರ ಮುಂದುವರಿಯಬೇಕು.

ಈಗ ಇಸಿಯು ದಾಖಲಿಸಿದ ದೋಷದ ಕೋಡ್ ಮತ್ತು ಅಂಕಿಗಳನ್ನು ಓದುವ ಸ್ಕ್ಯಾನರ್ ಬೇಕು. ಮೊಬೈಲಿಗೆ ಜೋಡಿಸುವ ಸಾಮಾನ್ಯ ಬ್ಲೂಟೂತ್ ಒಬಿಡಿ ಅಡಾಪ್ಟರ್ ಕೂಡ ಸಾಕು. ಪಿ0301ರಿಂದ ಪಿ0304ರವರೆಗಿನ ಕೋಡ್ ಬಂದಿದ್ದರೆ ಕೊನೆಯ ಅಂಕಿಯೇ ಮಿಸ್ ಆಗುತ್ತಿರುವ ಸಿಲಿಂಡರಿನ ಸಂಖ್ಯೆ. ಎಂಜಿನ್ ನಿಲ್ಲಿಸಿ, ಆ ಸಿಲಿಂಡರಿನ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಕಾಯಿಲನ್ನು ಪಕ್ಕದ ಸಿಲಿಂಡರಿನ ಕಾಯಿಲಿನೊಂದಿಗೆ ಅದಲುಬದಲು ಮಾಡಿ, ಕೋಡ್ ಅಳಿಸಿ, ಮತ್ತೆ ಬಿಸಿಯಾಗುವವರೆಗೆ ಓಡಿಸಿ ನೋಡಬೇಕು. ದೋಷ ಕಾಯಿಲಿನ ಜೊತೆಗೇ ಸ್ಥಳ ಬದಲಿಸಿದರೆ ಕಾಯಿಲ್ ಕೆಟ್ಟಿದೆ. ಬಿಸಿಗೆ ಮಾತ್ರ ಕೈಕೊಡುವುದು ಕೆಟ್ಟ ಕಾಯಿಲಿನ ಹಳೆಯ ಚಾಳಿ. ದೋಷ ಸ್ಥಳ ಬದಲಿಸದಿದ್ದರೆ ಪ್ಲಗ್, ನಂತರ ಇಂಜೆಕ್ಟರ್ ಇದೇ ರೀತಿ ನೋಡಬಹುದು. ಎಂಜಿನ್ ನಡೆಯುತ್ತಿರುವಾಗ ಕಾಯಿಲ್ ಎಳೆಯುವವರನ್ನು ನೋಡಿದ್ದೇನೆ. ಶಾಕ್ ಹೊಡೆಯುವುದಲ್ಲದೆ ಉರಿಯದ ಪೆಟ್ರೋಲ್, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳು ಮಾಡುತ್ತದೆ.

ನಿರ್ದಿಷ್ಟ ಸಿಲಿಂಡರಿನ ಕೋಡ್ ಇಲ್ಲದಿದ್ದಾಗ ಫ್ಯೂಯೆಲ್ ಟ್ರಿಮ್ ನೋಡುವುದೇ ಅತ್ಯಂತ ಉಪಯುಕ್ತ ಪರೀಕ್ಷೆ, ಹೆಚ್ಚಿನ ಕಡೆ ಬಿಟ್ಟುಹೋಗುವುದೂ ಅದೇ. ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ನೋಡಿ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸುತ್ತಿದೆ (ಧನಾತ್ಮಕ) ಅಥವಾ ಕಡಿಮೆ ಮಾಡುತ್ತಿದೆ (ಋಣಾತ್ಮಕ) ಎಂಬ ಅಂಕಿಯೇ ಟ್ರಿಮ್. ಶಾರ್ಟ್ (ಆ ಕ್ಷಣದ) ಮತ್ತು ಲಾಂಗ್ (ದೀರ್ಘಕಾಲದ) ಟ್ರಿಮ್ ಎರಡನ್ನೂ ಕೂಡಿಸಬೇಕು. ಮೊತ್ತ ಸೊನ್ನೆಯ ಆಚೀಚೆ ಶೇ. 10ರೊಳಗಿದ್ದರೆ ಚಿಂತೆಯಿಲ್ಲ. ಐಡಲ್‌ನಲ್ಲಿ ಶೇ. 20ರಷ್ಟು ಧನಾತ್ಮಕವಾಗಿದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಸಹಜಕ್ಕೆ ಇಳಿದರೆ ಅದು ವ್ಯಾಕ್ಯೂಮ್ ಸೋರಿಕೆಯ, ಅಂದರೆ ಅಳತೆಗೆ ಸಿಗದ ಗಾಳಿ ಒಳನುಗ್ಗುತ್ತಿರುವುದರ ಗುರುತು. ವೇಗ ಏರಿಸಿದರೂ ಇಳಿಯದಿದ್ದರೆ ಪಂಪ್, ಫಿಲ್ಟರ್ ಅಥವಾ ಗಾಳಿ ಅಳೆಯುವ ಸೆನ್ಸರಿನ ಮೇಲೆ ಸಂಶಯ ಪಡಬೇಕು. ಬಿಸಿ ಐಡಲ್‌ನಲ್ಲಿ ಟ್ರಿಮ್ ಬಹಳ ಋಣಾತ್ಮಕವಾಗಿದ್ದರೆ ಎಲ್ಲಿಂದಲೋ ಹೆಚ್ಚಿನ ಇಂಧನ ಸೇರುತ್ತಿದೆ ಎಂದರ್ಥ. ಗಾಳಿಯ ಹರಿವನ್ನು ಅಳೆಯುವ ಕಾರುಗಳಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ಅಳೆಯುವ ಕಾರುಗಳಲ್ಲಿ ಸೋರಿದ ಗಾಳಿಯೂ ಲೆಕ್ಕಕ್ಕೆ ಸೇರುವುದರಿಂದ, ಟ್ರಿಮ್ ಹೆಚ್ಚು ಬದಲಾಗದೆ ಐಡಲ್ ಏರಿಳಿಯಬಹುದು. ಅಂಥ ಕಾರಿನ ಒತ್ತಡದ ಸೆನ್ಸರನ್ನು ಪರೀಕ್ಷಿಸಲು ಎಂಜಿನ್ ಚಾಲೂ ಮಾಡದೆ ಕೀಲಿ ಆನ್ ಮಾಡಿದಾಗ, ಸುಮಾರು 640 ಮೀಟರ್ ಎತ್ತರದ ಹುಬ್ಬಳ್ಳಿಯಲ್ಲಿ 94 ಕಿಲೋಪಾಸ್ಕಲ್ ಆಸುಪಾಸು ತೋರಬೇಕು. 101 ಎಂಬುದು ಸಮುದ್ರ ಮಟ್ಟದ ಲೆಕ್ಕ. ಅದನ್ನು ಇಲ್ಲಿ ಹಿಡಿದರೆ ಸರಿಯಿರುವ ಸೆನ್ಸರನ್ನೇ ಬದಲಿಸಬೇಕಾದೀತು.

ಸೋರಿಕೆ ಹುಡುಕುವಾಗ ಕಣ್ಣಿಗೆ ಕಾಣುವ ಪೈಪುಗಳಷ್ಟನ್ನೇ ನೋಡಿ ಬಿಡಬಾರದು. ನನ್ನ ಕಾರಿಗೆ ಒಂದು ಗ್ಯಾರೇಜಿನಲ್ಲಿ ನಾಲ್ಕು ಪ್ಲಗ್ ಮತ್ತು ಎರಡು ಕಾಯಿಲ್ ಬದಲಿಸಿದ ಮೇಲೂ ವಿದ್ಯಾನಗರ ಬರುವಷ್ಟರಲ್ಲಿ ಅದೇ ನಡುಕ ಶುರುವಾಗುತ್ತಿತ್ತು. ಹಿಂದಿನ ಸಂಜೆಯಿಂದ ತಣ್ಣಗೆ ನಿಂತ ಕಾರನ್ನು ಅವರು ಪರೀಕ್ಷಿಸಿದ್ದರು. ಕೊನೆಗೆ ಸಿಕ್ಕಿದ್ದು ಪಿಸಿವಿ ಪೈಪಿನ (ಎಂಜಿನ್ ಒಳಗಿನ ಆವಿಯನ್ನು ಮತ್ತೆ ಗಾಳಿಯ ದಾರಿಗೆ ಒಯ್ಯುವ ಪೈಪ್) ಕೆಳಮೈಯಲ್ಲಿದ್ದ ಸೀಳು. ಬಿಸಿಗೆ ರಬ್ಬರ್ ಮೆತ್ತಗಾದಾಗ ಮಾತ್ರ ಅದು ಬಾಯಿ ಬಿಡುತ್ತಿತ್ತು. ಹೀಗಾಗಿ ಪ್ರತಿ ಪೈಪನ್ನೂ ಬೆರಳಿನಿಂದ ಸವರಿ ನೋಡಬೇಕು, ಫ್ಯಾನ್ ಮತ್ತು ಬೆಲ್ಟಿನಿಂದ ಕೈ ದೂರವಿರಲಿ. ಬಟ್ಟೆ ಸುತ್ತಿದ ಪಕ್ಕಡದಿಂದ ಒಂದೊಂದೇ ರಬ್ಬರ್ ಪೈಪನ್ನು ಒತ್ತಿ ಹಿಡಿದು, ಎಂಜಿನ್ ಸದ್ದು ಯಾವಾಗ ಬದಲಾಗುತ್ತದೆ ಎಂದು ಆಲಿಸಬೇಕು. ಬ್ರೇಕ್ ಬೂಸ್ಟರ್ ಪೈಪನ್ನೂ ಮರೆಯಬಾರದು. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವಿನ ಪೈಪ್ ಒತ್ತಿದಾಗ ಎಂಜಿನ್ ಸಮವಾದರೆ ಆ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು. ಟ್ಯಾಂಕ್ ತುಂಬಿಸಿದ ಕೂಡಲೇ ತೊಂದರೆ ಹೆಚ್ಚಾಗುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಅಥವಾ ಕಾರ್ಬ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವುದು ಬೆಂಕಿಯನ್ನು ಕರೆದಂತೆ.

ಯರಿ (ಕಪ್ಪು ಮಣ್ಣಿನ) ಹೊಲಗಳ ನಡುವಿನ ರಸ್ತೆಯಲ್ಲಿ ಓಡಾಡುವ ಕಾರುಗಳ ಏರ್ ಫಿಲ್ಟರನ್ನು ಬೇಸಿಗೆಯಲ್ಲಿ ಬೇಗ ಬೇಗ ನೋಡಬೇಕು. ಥ್ರಾಟಲ್ ಬಾಡಿಯ ಅಂಚಿನಲ್ಲಿ ಕಪ್ಪು ಜಿಡ್ಡು ಕಟ್ಟಿದ್ದರೆ, ಎಂಜಿನ್ ತಣ್ಣಗಾದ ಮೇಲೆ, ಕೀಲಿ ಆಫ್ ಇರುವಾಗ, ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಬೇಕು. ಎಲೆಕ್ಟ್ರಾನಿಕ್ ಥ್ರಾಟಲಿನ ಪ್ಲೇಟನ್ನು ಒತ್ತಾಯದಿಂದ ತಳ್ಳಬಾರದು. ಒರೆಸಿದ ನಂತರ ಐಡಲ್ ಕೆಲಕಾಲ ಏರಿರಬಹುದು. ಕೆಲವು ಕಾರುಗಳಿಗೆ ಸ್ಕ್ಯಾನರಿನಿಂದಲೇ ಐಡಲ್ ಮರುಕಲಿಕೆ ಮಾಡಿಸಬೇಕಾಗುತ್ತದೆ.

ಪ್ಲಗ್ ಮಸಿ ಹಿಡಿದು ಪೆಟ್ರೋಲ್ ವಾಸನೆ ಬರುತ್ತಿದ್ದರೆ ನೀರಿನ ಉಷ್ಣತೆಯ ಸೆನ್ಸರ್ ನೋಡಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಅದರ ಅಂಕಿಯೂ ಗಾಳಿಯ ಉಷ್ಣತೆಯ ಅಂಕಿಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಧಾರವಾಡದಿಂದ ಹುಬ್ಬಳ್ಳಿಗೆ ಬಂದ ಮೇಲೂ 50 ಡಿಗ್ರಿ ಎಂದೇ ತೋರಿಸುತ್ತಿದ್ದರೆ, ಒಂದೋ ಸೆನ್ಸರ್ ಇಸಿಯುವಿಗೆ ತಪ್ಪು ಹೇಳುತ್ತಿದೆ, ಇಲ್ಲವೇ ಥರ್ಮೋಸ್ಟಾಟ್ ಮುಚ್ಚದೆ ಉಳಿದಿದೆ.

ಸಿಎನ್‌ಜಿಯಲ್ಲಿ ಹೆಚ್ಚು ಓಡಿದ ಕಾರಾಗಿದ್ದರೆ ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೆ ಬಿಟ್ಟಿರುವ ಸಣ್ಣ ಅಂತರ) ಬಿಗಿಯಾಗಿ, ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚದಿರುವ ಸಾಧ್ಯತೆಯಿದೆ. ಕಂಪ್ರೆಷನ್ನನ್ನು (ಸಿಲಿಂಡರಿನೊಳಗೆ ಏಳುವ ಒತ್ತಡ) ಬಿಸಿ ಎಂಜಿನ್ನಿನಲ್ಲಿ, ಇಂಧನ ನಿಲ್ಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಅಳೆಯಿಸಬೇಕು. ಒಂದು ಸಿಲಿಂಡರ್ ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಕಡಿಮೆ ತೋರಿಸಿದರೆ ಮುಂದಿನ ಕೆಲಸವನ್ನು ನುರಿತ ಮೆಕ್ಯಾನಿಕ್‌ಗೆ ಬಿಡುವುದೇ ಒಳ್ಳೆಯದು. ಯಾವ ರಿಪೇರಿಯೇ ಆಗಿರಲಿ, ಅದಾದ ಮೇಲೆ ಕೋಡ್ ಅಳಿಸಿ, ಅದೇ ರಸ್ತೆಯಲ್ಲಿ ಅದೇ ಸಿಗ್ನಲಿನವರೆಗೆ ಓಡಿಸಿ, ಅಲ್ಲಿ ನಿಂತಾಗ ಟ್ರಿಮ್ ಅಂಕಿಗಳನ್ನು ಇನ್ನೊಮ್ಮೆ ಓದಿದ ನಂತರವೇ ಗ್ಯಾರೇಜಿನ ಬಿಲ್ ಕೊಡಿರಿ.