ಹಳೆಯ ಆಟಕ್ಕೆ ಹೊಸ ಕಟ್ಟಳೆ

ನನ್ನ ಕಂಪ್ಯೂಟರಿನ ಪರದೆಯ ಕೆಳಗೆ ಒಂದು ಲಗ್ನಪತ್ರಿಕೆ ಅಂಟಿಸಿದ್ದೇನೆ. ಮುಹೂರ್ತದ ವಾರ ತಪ್ಪಾಗಿ ಅಚ್ಚಾಗಿ ರದ್ದಿಗೆ ಬಿದ್ದ ಕಾರ್ಡು. ಅದರ ಖಾಲಿ ಬೆನ್ನಿನ ಮೇಲೆ ಮೂರು ಸಾಲು ಬರೆದಿದೆ: ‘ಸ್ವಂತ ಮಕ್ಕಳನ್ನು ಕೊಲ್ಲಿಸುವುದಿಲ್ಲ. ಹಿಂದಿನ ಸೇವ್‌ಗೆ ಹೋಗುವುದಿಲ್ಲ. ಮೂರನೆಯ ಅರಸ ಸತ್ತ ದಿನ ಆಟ ಮುಗಿಯಿತು.’ ಸೇವ್ ಎಂದರೆ ಆಟವನ್ನು ನಡುವೆ ಉಳಿಸಿಟ್ಟ ಜಾಗ. ಈ ಕಟ್ಟಳೆ ಕ್ರುಸೇಡರ್ ಕಿಂಗ್ಸ್ ಎಂಬ ಕಂಪ್ಯೂಟರ್ ಆಟಕ್ಕೆ. ಅದರಲ್ಲಿ ನಾವು ಹಳೆಯ ಕಾಲದ ಒಬ್ಬ ಅರಸನಾಗಿ ಆಡುತ್ತೇವೆ, ಅವನು ಸತ್ತರೆ ಅವನ ವಾರಸುದಾರನಾಗಿ ಮುಂದುವರಿಯುತ್ತೇವೆ. ಅದರ ಮೂರನೆಯ ಆವೃತ್ತಿ ಬಂದದ್ದು 2020ರ ಸೆಪ್ಟೆಂಬರಿನಲ್ಲಿ. ಇಷ್ಟು ವರ್ಷದ ಮೇಲೂ ರಾತ್ರಿ ಊಟ ಮುಗಿಸಿ ಅದರ ಮುಂದೆ ಕೂತರೆ ಕಾಣದ ಊರಿಗೆ ಬಸ್ಸು ಹತ್ತಿದ ಹಾಗಿರುತ್ತದೆ. ಅದಕ್ಕೆ ಈ ಮೂರು ಸಾಲೇ ಕಾರಣ.

ನಾನು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುವವನು. ಆಟದ ಗೀಳು ಹತ್ತಿದ್ದು 2003ರ ಸುಮಾರಿಗೆ, ಹುಬ್ಬಳ್ಳಿ ವಿದ್ಯಾನಗರದ ಸೈಬರ್ ಕೆಫೆಯಲ್ಲಿ, ಏಜ್ ಆಫ್ ಎಂಪೈರ್ಸ್ ಎಂಬ ಯುದ್ಧದ ಆಟದ ಎರಡನೆಯ ಭಾಗದಿಂದ. ಯಾವಾಗಲೂ ಬ್ರಿಟನ್ನರ ಕಡೆ. ಬಿಲ್ಲಿನವರನ್ನು ಸಾಲಾಗಿ ನಿಲ್ಲಿಸಿ ದೂರದಿಂದಲೇ ಎದುರಾಳಿಯನ್ನು ಮುಗಿಸುವುದು. ನಾಲ್ಕು ತಿಂಗಳಲ್ಲಿ ಬೇಸರ ಬಂತು. ಗೆಲ್ಲುವ ದಾರಿ ಒಂದು ಸಿಕ್ಕಿತೆಂದರೆ ಕೈ ಅದನ್ನೇ ಹಿಡಿಯುತ್ತದೆ, ಬುದ್ಧಿಗೆ ಕೆಲಸ ಇರುವುದಿಲ್ಲ. ಆಟ ಹಳಸಲು ಶುರುವಾಗುವುದು ಅಲ್ಲಿಂದ. ಆ ದಾರಿಯನ್ನು ನಾವೇ ಮುಚ್ಚಿಕೊಂಡು ಆಡಬೇಕು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಆದ್ದರಿಂದ ಮೊದಲ ಕೆಲಸ, ಆಟ ತೆರೆಯುವ ಮುಂಚೆ ಕಟ್ಟಳೆ ಬರೆಯುವುದು. ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಲದು. ಸೋಲು ಎದುರಿಗೆ ಬಂದಾಗ ಮನಸ್ಸು ತನಗೆ ಬೇಕಾದ ಹಾಗೆ ಅದನ್ನು ತಿದ್ದಿಕೊಳ್ಳುತ್ತದೆ. ಕಾಗದದ ಮೇಲೆ ಬರೆಯಿರಿ, ಕಣ್ಣಿಗೆ ಬೀಳುವಲ್ಲಿ ಅಂಟಿಸಿ. ಮೂರಕ್ಕಿಂತ ಹೆಚ್ಚು ಬೇಡ. ಹಿಂದಿನ ಸೇವ್‌ಗೆ ಹೋಗುವ ಆಸೆ ತಡೆಯಲಾಗದವರು ಐರನ್‌ಮ್ಯಾನ್ ಎಂಬ ಆಟದ ಬಗೆಯನ್ನು ಆಯ್ದುಕೊಳ್ಳಲಿ, ಅದರಲ್ಲಿ ಆ ಬಾಗಿಲೇ ಇಲ್ಲ.

ಎರಡನೆಯದು, ಎಲ್ಲಿಂದ ಶುರು ಮಾಡಬೇಕು ಎಂಬುದು. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ಭಾಗದವರಿಗೆ ಈ ಆಟ ಕೊಟ್ಟಿರುವ ಅವಕಾಶ ದೊಡ್ಡದು. ಆಟದ ಒಂದು ಆರಂಭ 1066ರ ಸೆಪ್ಟೆಂಬರ್ 15. ನಾರ್ಮನ್ ವಿಲಿಯಂ ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದ ವರ್ಷ ಅದು, ಹಾಗಾಗಿ ಹೆಚ್ಚಿನವರು ನೋಡುವುದು ಇಂಗ್ಲೆಂಡಿನ ಕಡೆಗೆ. ಆದರೆ ಅದೇ ದಿನ ಕಲ್ಯಾಣದಲ್ಲಿ ಆಹವಮಲ್ಲ ಎಂಬ ಬಿರುದಿನ ಚಾಲುಕ್ಯರ ಒಂದನೆಯ ಸೋಮೇಶ್ವರ ಆಳುತ್ತಿದ್ದ. ತೆಂಕಣದಲ್ಲಿ ಚೋಳ ವೀರರಾಜೇಂದ್ರ ಎದುರಿಗಿದ್ದ. 1068ರ ಮಾರ್ಚಿನಲ್ಲಿ, ವಾಸಿಯಾಗದ ಕಾಯಿಲೆಯಿಂದ ನೊಂದು, ಆಹವಮಲ್ಲ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಜಲಸಮಾಧಿಯಾದ. ಅಂದರೆ ಆಟ ಶುರುವಾದಾಗ ಚರಿತ್ರೆಯಲ್ಲಿ ಅವನಿಗೆ ಉಳಿದದ್ದು ಒಂದೂವರೆ ವರ್ಷ.

ಆಟದೊಳಗಿನ ಸೋಮೇಶ್ವರ ಅದೇ ದಿನ ಸಾಯಬೇಕೆಂದೇನೂ ಇಲ್ಲ. ನಾನು ಮಾತ್ರ ಅವನಿಗೆ ತನ್ನ ಗಡುವು ಗೊತ್ತಿದೆ ಎಂದುಕೊಂಡು ಆಡುತ್ತೇನೆ. ಹೊಸ ಯುದ್ಧ ಸಾರುವುದಿಲ್ಲ. ಬೊಕ್ಕಸ ತುಂಬಿಸುತ್ತೇನೆ, ಮುನಿದ ಸಾಮಂತರಿಗೆ ಕಾಣಿಕೆ ಕಳಿಸುತ್ತೇನೆ, ಮಕ್ಕಳ ನಡುವಿನ ಹಗೆ ಎಲ್ಲಿಂದ ಹೊತ್ತಿಕೊಳ್ಳಬಹುದೆಂದು ನೋಡುತ್ತೇನೆ. ಚರಿತ್ರೆಯಲ್ಲಿ ಹಿರಿಯ ಮಗ ಎರಡನೆಯ ಸೋಮೇಶ್ವರ ಪಟ್ಟಕ್ಕೆ ಬಂದ. 1076ರಲ್ಲಿ ತಮ್ಮ ವಿಕ್ರಮಾದಿತ್ಯ ಅವನನ್ನು ಇಳಿಸಿ ತನ್ನ ಹೆಸರಿನ ಶಕೆಯನ್ನೇ ಶುರು ಮಾಡಿ 50 ವರ್ಷ ಆಳಿದ. ಅಣ್ಣನನ್ನು ಉಳಿಸಬೇಕೇ, ತಮ್ಮನಿಗೆ ದಾರಿ ಬಿಡಬೇಕೇ? ಒಮ್ಮೆ ಅಣ್ಣನ ಪಕ್ಷ ಹಿಡಿದು ಆಡಿ, ಇನ್ನೊಮ್ಮೆ ತಮ್ಮನದು. ನೆಲ ಅದೇ, ಜನ ಅವರೇ, ಆದರೆ ಎರಡನೆಯ ಸಲ ಆಡುವಾಗ ಹೊಟ್ಟೆಯಲ್ಲಿ ಬೇರೆಯೇ ಸಂಕಟ.

ಆಟದಲ್ಲಿ ಅರಸ ಸತ್ತರೆ ಸೀಮೆ ಮಕ್ಕಳೊಳಗೆ ಹಂಚಿಹೋಗುತ್ತದೆ. ಬಹಳ ಮಂದಿಗೆ ಕಿರಿಕಿರಿಯಾಗುವುದು ಇದೇ. ನಮ್ಮ ಕಡೆ ವಾಟ್ನಿ ಅಂತೀವಲ್ಲ, ಅದೇ. ಇದನ್ನು ತಪ್ಪಿಸುವ ಉಪಾಯ ಹುಡುಕುವ ಬದಲು ಇದನ್ನೇ ಆಟದ ನಡುಮನೆ ಮಾಡಿಕೊಳ್ಳಿ. ಯಾವ ಮಗನಿಗೆ ಯಾವ ಪ್ರಾಂತ ಎಂದು ಬದುಕಿರುವಾಗಲೇ ಕೊಟ್ಟುಬಿಡಿ. ಅವನು ಅದನ್ನು ಹೇಗೆ ಆಳುತ್ತಾನೆಂದು ನೋಡುತ್ತಾ ಕೂರುವುದೂ ಒಂದು ಸುಖ. ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದದ್ದು ಇದೇ ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲಿ. ಹುಟ್ಟಿನಿಂದಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಎಂದ ಗ್ರಂಥ ಅದು. ಅಣ್ಣನಿಂದ ಗದ್ದುಗೆ ಕಸಿದುಕೊಂಡ ಅರಸನ ಊರಿನಲ್ಲಿ ಪಾಲಿನ ಧರ್ಮದ ಪುಸ್ತಕ ಹುಟ್ಟಿತೆಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನು ಸ್ವಭಾವದ ಮಾತು. ಆಟ ಪ್ರತಿಯೊಬ್ಬ ಅರಸನಿಗೂ ಗುಣಗಳನ್ನು ಕೊಟ್ಟಿರುತ್ತದೆ. ಕರುಣೆಯುಳ್ಳವನು ಸೆರೆಯಾಳಿನ ತಲೆ ತೆಗೆಸಿದರೆ ಅವನ ಮೇಲೆ ಒತ್ತಡ ಏರುತ್ತದೆ. ಲೋಭಿ ಕಾಣಿಕೆ ಕೊಟ್ಟರೂ ಅಷ್ಟೇ. ಒತ್ತಡ ನೂರು ಮುಟ್ಟಿದರೆ ಅರಸ ಒಳಗೆ ಕುಸಿಯುತ್ತಾನೆ. ಲಾಭ ಎಲ್ಲಿದೆ ಎಂದು ಲೆಕ್ಕ ಹಾಕುವುದನ್ನು ಬಿಟ್ಟು, ಈ ಮನುಷ್ಯ ಈಗ ಏನು ಮಾಡುತ್ತಾನೆ ಎಂದು ಕೇಳಿಕೊಂಡು ಕ್ಲಿಕ್ ಮಾಡಿ. ಹೀಗೆ ಆಡಿ ನಾನು ಎರಡು ರಾಜ್ಯ ಕಳೆದುಕೊಂಡಿದ್ದೇನೆ, ಆ ಎರಡು ಅರಸರ ಮುಖ ಇನ್ನೂ ನೆನಪಿದೆ. ಗೆದ್ದವರಲ್ಲಿ ಎಷ್ಟೋ ಜನರ ಹೆಸರೂ ನೆನಪಿಲ್ಲ.

ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಉಪಾಯ ನಮ್ಮ ಮನೆಯಲ್ಲೇ ಹುಟ್ಟಿದ್ದು. ಅಣ್ಣನ ಮಗ ಪಿಯುಸಿ ಓದುತ್ತಾನೆ. ಕಳೆದ ಬೇಸಿಗೆಯಲ್ಲಿ ಬೆನ್ನ ಹಿಂದೆ ನಿಂತು, “ಕಾಕಾ, ನಿನ್ನ ರಾಜಾ ಇನ್ನೂ ಸಾಯವಲ್ಲೇನು? ನನಗೂ ಒಂದಿಷ್ಟು ಆಡಾಕ ಕೊಡು” ಅಂದ. “ಇಂವ ಸತ್ತ ಮ್ಯಾಲೆ ನಿಂದ ಪಾಳಿ” ಅಂದೆ. ಅಂದಿನಿಂದ ಅದೇ ಕಟ್ಟಳೆ. ಅರಸ ಸತ್ತ ಕೂಡಲೇ ಮೌಸ್ ಕೈ ಬದಲಾಗುತ್ತದೆ. ನಾನು ಮಾಡಿಟ್ಟ ಸಾಲ, ಕಟ್ಟಿಕೊಂಡ ಹಗೆ, ಕೊಟ್ಟ ಹೆಣ್ಣು, ಎಲ್ಲವೂ ಅವನ ತಲೆಗೆ. ಅವನು ಮಾಡಿದ್ದು ಮತ್ತೆ ನನಗೆ. ಒಬ್ಬರ ಆಳ್ವಿಕೆ ನಡೆದಾಗ ಇನ್ನೊಬ್ಬರು ಸಲಹೆ ಕೊಡುವಂತಿಲ್ಲ. ಮೊದಲ ಸಲ ಅವನ ಕೈಯಿಂದ ರಾಜ್ಯ ವಾಪಸ್ ಬಂದಾಗ ಅರ್ಧ ತಾಸು ಪಾಜ್‌ನಲ್ಲಿಟ್ಟು ವಂಶವೃಕ್ಷ ಓದಿದೆ. ಯಾರು ಯಾರ ಅಳಿಯ, ಯಾರ ಮನೆಗೆ ಯಾವ ಮಗಳು ಹೋಗಿದ್ದಾಳೆ ಎಂದು ಬೆರಳಿಟ್ಟು ಹುಡುಕುವುದು ಲಗ್ನಪತ್ರಿಕೆ ಜೋಡಿಸುವ ನನಗೆ ದಿನದ ಕೆಲಸ. ಆದರೂ ಆ ರಾತ್ರಿ ಅಷ್ಟು ಗಮನವಿಟ್ಟು ಆಡಿದ್ದು ಎಂದೂ ಇಲ್ಲ.

ಚಕ್ರವರ್ತಿಯನ್ನೇ ಆರಿಸಬೇಕೆಂದಿಲ್ಲ. 867ರ ಆರಂಭ ತೆಗೆದುಕೊಂಡರೆ ಅದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲ. ಅವನ ಕೈಕೆಳಗಿದ್ದ ಬಂಕೇಯನ ಹೆಸರು ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ ಇವತ್ತಿಗೂ ಉಳಿದಿದೆ. ಅಂಥ ಒಬ್ಬ ಸಾಮಂತನಾಗಿ, ಎಂದೂ ಸ್ವತಂತ್ರನಾಗದೆ, ಒಡೆಯನಿಗೆ ಕೊನೆತನಕ ನಿಷ್ಠನಾಗಿದ್ದು ಆಡಿ ನೋಡಿ. ಆಟ 1453ರವರೆಗೆ ಓಡುತ್ತದೆ. ಅಲ್ಲಿಗೆ ಮುಟ್ಟಲೇಬೇಕೆಂಬ ಹಟ ಬೇಡ. ಮೂರು ತಲೆಮಾರು ಸಾಕು. ಆಮೇಲೆ ಸೀಮೆ ಹಿಗ್ಗಿ, ಎದುರಿಸುವವರೇ ಇಲ್ಲದಂತಾಗುತ್ತದೆ.

ಏಜ್ ಆಫ್ ಎಂಪೈರ್ಸ್ ಆಡುವವರಿಗೂ ಇದೇ ದಾರಿ. 2022ರ ಏಪ್ರಿಲ್‌ನಲ್ಲಿ ಬಂದ ಭಾರತದ ವಿಸ್ತರಣೆಯಲ್ಲಿ ದ್ರಾವಿಡರು ಬೇರೆ ಪಕ್ಷವಾದರು. ಅವರಿಗೆ ನೈಟ್ ಕುದುರೆ ಸವಾರರಿಲ್ಲ. ಕುದುರೆಯನ್ನೇ ನಂಬಿದ ಕೈಗೆ ಅವರನ್ನು ಕೊಡಿ. ಕಾಲಾಳು, ಆನೆ, ಹಡಗು ಹಿಡಿದು ಎಲ್ಲ ಮೊದಲಿಂದ ಕಲಿಯಬೇಕಾಗುತ್ತದೆ.

ಬೇಸರ ಬಂದೇ ಬಂತೆಂದರೆ ಆಟ ಮುಚ್ಚಿ, ಆ ನೆಲಕ್ಕೆ ಹೋಗಿ ಬನ್ನಿ. ಗದಗಿನಿಂದ ಲಕ್ಕುಂಡಿ ಹನ್ನೆರಡು ಕಿಲೋಮೀಟರ್ ಆಚೀಚೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಅಲ್ಲಿ ನಿಂತಿದೆ. ಆಹವಮಲ್ಲ ಪಟ್ಟಕ್ಕೆ ಬರುವ ಹೊತ್ತಿಗೆ ಅದಕ್ಕೆ 35 ವರ್ಷ ವಯಸ್ಸು. ನಾನೂ ನಮ್ಮ ಹುಡುಗನೂ ಹೋದ ಚಳಿಗಾಲದಲ್ಲಿ ಕುರುವತ್ತಿಗೂ ಹೋಗಿದ್ದೆವು. ಮಲ್ಲಿಕಾರ್ಜುನ ಗುಡಿ ನೋಡಿ, ಹೊಳೆಯ ದಂಡೆಗೆ ಬಂದು ಬಹಳ ಹೊತ್ತು ಕೂತೆವು. ಎದುರು ದಂಡೆ ಹಾವೇರಿ ಜಿಲ್ಲೆ. ಹುಡುಗ ನೀರು ನೋಡುತ್ತಾ, “ಕಾಕಾ, ಮುಂದಿನ ಆಟದಾಗ ಸೋಮೇಶ್ವರನ್ನ ನಾ ಆಡ್ತೀನಿ, ನೀ ವಿಕ್ರಮಾದಿತ್ಯ ಆಗು” ಅಂದ. ಮನೆಗೆ ಬಂದವನೇ ರದ್ದಿ ಕಟ್ಟಿನಿಂದ ಹೊಸ ಕಾರ್ಡೊಂದು ಎತ್ತಿ ಅವನ ಕೈಗೆ ಕೊಟ್ಟೆ. ಈ ಸಲದ ಮೂರು ಸಾಲು ಬರೆದವನು ಅವನೇ.